ಭುಜದ ತುದಿಗೆ ಬಿದ್ದ ಸೂಜಿ

ನನ್ನ ಎಡಗೈ ಮೇಲೇಳದೆ ಹೋದಾಗ ಎಲ್ಲರೂ ನನ್ನ ರವಿಕೆಯನ್ನೇ ಬೈದರು. ಅಷ್ಟು ಬಿಗಿ ತೋಳು ಯಾಕೆ ಬೇಕಿತ್ತು ಅಂತ ಅತ್ತೆ, ಈ ವಯಸ್ಸಿನಲ್ಲಿ ಫ್ಯಾಶನ್ ಬೇರೆ ಅಂತ ಗಂಡ. ಮೊಣಕೈವರೆಗೆ ತೋಳಿರುವ ರವಿಕೆಯನ್ನು ರಾಯದುರ್ಗದಲ್ಲಿ ಯಾರು ತೊಡುವುದಿಲ್ಲ? ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಟೈಲರ್. ಕೊರೊನಾ ಲಸಿಕೆಯನ್ನು ಅಲ್ಲಿಗೇ ಬಂದು ಹಾಕುತ್ತಾರೆ ಎಂದಾಗ ಖುಷಿಪಟ್ಟವಳೂ ನಾನೇ. ಆದರೆ ಆ ದಿನ ನೋಡಿದರೆ, ಹಾಲ್‌ನ ನಟ್ಟನಡುವೆ ಒಂದು ಕುರ್ಚಿ. ಈ ಕಡೆ ಬಟ್ಟೆ ಕತ್ತರಿಸುವ ಗಂಡಸರು, ಆ ಕಡೆ ಇಸ್ತ್ರಿ ಮಾಡುವ ಗಂಡಸರು, ಎಲ್ಲರ ಕಣ್ಣೂ ಕುರ್ಚಿಯ ಮೇಲೆ. ಅವರಿಗೇನು, ಅಂಗಿಯ ತೋಳು ಮೇಲೇರಿಸಿ ಚುಚ್ಚಿಸಿಕೊಂಡು ಹಲ್ಲು ಕಿರಿಯುತ್ತ ಎದ್ದು ಹೋದರು.

ನನ್ನ ಸರದಿ ಬಂತು. ರವಿಕೆಯ ತೋಳು ಮೊಣಕೈ ದಾಟಿ ಮೇಲೆ ಸರಿಯಲಿಲ್ಲ. ನರ್ಸಮ್ಮ ಬಗ್ಗಿ ಮೆಲ್ಲಗೆ ಹೇಳಿದಳು: "ಸೂಜಿ ತೋಳಿನ ದಪ್ಪ ಮಾಂಸಕ್ಕ ಬೀಳಬೇಕ್ರಿ ಅಕ್ಕಾ. ಹುಕ್ಕು ಬಿಚ್ಚಿ ತೋಳು ಹೊರಗ ತೆಗೀರಿ."

ಅಷ್ಟು ಗಂಡಸರ ಮುಂದೆ ಯಾವ ಹೆಂಗಸು ಹುಕ್ಕು ಬಿಚ್ಚುತ್ತಾಳೆ? ನಾನು ಕತ್ತಿನ ಕಡೆಯಿಂದ ರವಿಕೆಯನ್ನು ಜಗ್ಗಿದೆ. ಕಂಡದ್ದು ಭುಜದ ತುದಿ ಮಾತ್ರ. ಇನ್ನೂ ಕೆಳಗೆ ಬೇಕು, ಮರೆ ಮಾಡಲು ಏನಾದರೂ ಇದೆಯೇ ಎಂದು ಅವಳು ಸೂಪರ್‌ವೈಸರನನ್ನು ಕೇಳಿದಳು. ಅವತ್ತೇ ಆರ್ಡರ್ ಹೊರಡಬೇಕಿತ್ತಂತೆ. ಅವನು "ತ್ವರಗಾ, ತ್ವರಗಾ" ಎಂದು ತೆಲುಗಿನಲ್ಲಿ ಅವಸರಿಸಿದ. ಅವಳು ಕಂಡ ಜಾಗಕ್ಕೇ ಚುಚ್ಚಿದಳು.

ಲಸಿಕೆಯ ಮೈಕೈ ನೋವು ಎರಡು ದಿನಕ್ಕೆ ಹೋದರೂ ಭುಜದ ನೋವು ಹೋಗಲಿಲ್ಲ. ಜಡೆ ಹಾಕಿಕೊಳ್ಳಲೂ ಆಗದು. ಕೆಲಸ ಕಡಿಮೆ ಮಾಡುವ ಕೈ ಎಂದು ಎಡಗೈ ಕೊಟ್ಟಿದ್ದೆ. ಮಷಿನ್ ಮುಂದೆ ಕೂತವಳಿಗೆ ಅಂಥ ಕೈ ಎಲ್ಲಿದೆ? ದಪ್ಪ ಜೀನ್ಸನ್ನು ಸೂಜಿಯ ಕೆಳಗೆ ತಿರುಗಿಸುವುದು ಎಡಗೈಯೇ. ನನ್ನನ್ನು ಎಬ್ಬಿಸಿ, ದಾರದ ತುದಿ ಕತ್ತರಿಸುವ ಕೆಲಸ ಕೊಟ್ಟು ನೆಲಕ್ಕೆ ಕೂರಿಸಿದರು. ಕೈ ಸರಿಹೋಗದಿದ್ದರೆ ಇನ್ನು ಅಲ್ಲೇ ಎಂದ ಸೂಪರ್‌ವೈಸರ್. ನನ್ನ ಮಷಿನ್ ಮೇಲೆ ಬೇರೊಬ್ಬಳು ಕೂತಳು.

ಬಳ್ಳಾರಿಯ ಡಾಕ್ಟರ್ ಕೈ ಎತ್ತಿಸಿ ನೋಡಿದರು. ತಪ್ಪು ಔಷಧಿಯದಲ್ಲ, ಜಾಗದ್ದು. ಸೂಜಿ ಮಾಂಸ ಬಿಟ್ಟು ಕೀಲಿನ ಹತ್ತಿರ ಹೋಗಿದೆ ಎಂದರು. ಹಸುಗೂಸಿನ ತೋಳಿನಲ್ಲಿ ಸಾಕಷ್ಟು ಮಾಂಸ ಇರುವುದಿಲ್ಲ, ಅದಕ್ಕೇ ತೊಡೆಗೆ ಹಾಕುತ್ತಾರೆ, ದೊಡ್ಡವರಿಗೆ ತೋಳಿಗೆ, ಆದರೆ ತುದಿಗಲ್ಲ ಎಂದೂ ಹೇಳಿದರು. ನನ್ನ ಮೊಮ್ಮಗುವಿಗೆ ಹಾಕಿಸಿದ್ದು ನೆನಪಾಯಿತು. ಮಗಳ ಮಡಿಲಲ್ಲಿ ಮಲಗಿಸಿ, ಚಡ್ಡಿ ಬಿಚ್ಚಿ, ತೊಡೆಯ ಹೊರಬದಿಯನ್ನು ಮುಟ್ಟಿ ನೋಡಿ ಹಾಕಿದ್ದರು. ಕೂಸಿಗೆ ಕೊಟ್ಟಷ್ಟು ಪುರುಸೊತ್ತನ್ನೂ ನಮಗೆ ಕೊಡಲಿಲ್ಲ.

ಎರಡನೇ ಲಸಿಕೆಗೂ ಅದೇ ಹಾಲ್, ಅದೇ ಕುರ್ಚಿ, ಅದೇ ನರ್ಸಮ್ಮ. ನನ್ನ ಕೈ ನೋಡಿ ಹೆದರಿದ ಹೆಂಗಸರು ಬೇಡವೇ ಬೇಡ ಎನ್ನುತ್ತಿದ್ದರು. ತಪ್ಪು ಲಸಿಕೆಯದಲ್ಲ ಎಂದು ಅವರಿಗೂ ಬೈದೆ. ಆಮೇಲೆ ಕುರ್ಚಿಯ ಪಕ್ಕ ನಿಂತು, ಗಂಡಸರನ್ನು ಹೊರಗೆ ಕಳಿಸದೆ ಕೂರುವುದಿಲ್ಲ ಎಂದೆ. ಕೆಲಸ ನಿಲ್ಲುತ್ತದೆ ಎಂದ ಸೂಪರ್‌ವೈಸರ್.

"ನಿಂದ್ರಲಿ ಬಿಡ್ರಿ. ನನ್ ಕೈ ನಿಂತಾಗ ನಿಮಗೇನೂ ಅನಿಸಲಿಲ್ಲಲ್ಲ."

ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಹಿಂದೆ ನಿಂತರು. ಅವನು ಗೊಣಗುತ್ತ ಗಂಡಸರನ್ನು ಚಹಾಕ್ಕೆ ಕಳಿಸಿ ತಾನೂ ಹೊರಗೆ ಹೋದ. ಬಾಗಿಲು ಮುಚ್ಚಿದ ಮೇಲೆ ಹುಕ್ಕು ಬಿಚ್ಚಿ ಬಲತೋಳು ಹೊರಗೆ ತೆಗೆದೆ. ನರ್ಸಮ್ಮ ಭುಜದ ಮೂಳೆಯಿಂದ ಕೆಳಕ್ಕೆ ಬೆರಳಿಟ್ಟು ನೋಡಿ ಚುಚ್ಚಿದಳು. ನನ್ನ ಕಣ್ಣಲ್ಲಿ ನೀರು ಕಂಡು ಗಾಬರಿಯಾದಳು.

"ನೋವಾತೇನ್ರಿ ಅಕ್ಕಾ?"

"ಇಲ್ಲವ್ವ, ಏನೂ ಗೊತ್ತಾಗಲಿಲ್ಲ," ಎಂದೆ. ಗೊತ್ತೇ ಆಗದಿದ್ದಕ್ಕೆ, ಅವತ್ತೂ ಇಷ್ಟೇ ಸಾಕಿತ್ತಲ್ಲ ಎಂದು, ನನಗೆ ಸಿಟ್ಟು ನೆತ್ತಿಗೇರಿತ್ತು. ಹೊರಗೆ ಗಂಡಸರು ಇನ್ನೂ ಚಹಾ ಕುಡಿದು ಮುಗಿಸಿರಲಿಲ್ಲ.