ಬೈಂಡರಮ್ಮನ ಮಗಳ ಮೊದಲ ಮಾತು

ಬೈಂಡರಮ್ಮನಿಗೆ ಹೆಣ್ಣುಮಗು ಹುಟ್ಟಿದಾಗ, ನೋಡಲು ಬಂದವರು ಮಗು ಯಾರ ಹಾಗಿದೆ ಎಂದು ಕೇಳಲಿಲ್ಲ. ಅದಕ್ಕೆ ಕಿವಿ ಕೇಳಿಸುತ್ತದೆಯೇ ಎಂದು ಕೇಳಿದರು. ಕೇಳಿಸುತ್ತದೆ ಎಂದು ಆಸ್ಪತ್ರೆಯವರು ಪರೀಕ್ಷೆ ಮಾಡಿ ಹೇಳಿಯಾಗಿತ್ತು. ಆ ಸುದ್ದಿಯನ್ನು ಅತ್ತೆ ಬಾಗಿಲಲ್ಲೇ ಹೇಳಿ, ಟಿಕೆಟ್ ಹರಿದು ಕೊಡುವವರ ಹಾಗೆ, ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಬೈಂಡರಮ್ಮ ಮಂಚದ ಮೇಲಿಂದ ಎಲ್ಲರ ತುಟಿ ನೋಡುತ್ತಿದ್ದಳು. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ತುಟಿ ಓದಿ ಅರ್ಧ, ಮುಖ ಓದಿ ಇನ್ನರ್ಧ ತಿಳಿದುಕೊಳ್ಳುವ ಅಭ್ಯಾಸ ಅವಳದು.

ಪ್ರೆಸ್ಸಿನಲ್ಲಿ ಅಚ್ಚಾದ ಹಾಳೆಗಳನ್ನು ಮಡಿಸಿ, ಹೊಲಿದು, ಅಂಟು ಹಚ್ಚಿ ಪುಸ್ತಕ ಕಟ್ಟುವುದು ಅವಳ ಕೆಲಸ; ಬೈಂಡರಮ್ಮ ಎಂಬ ಹೆಸರು ಬಂದದ್ದೂ ಅದರಿಂದಲೇ. ಗಂಡ ಅದೇ ಪ್ರೆಸ್ಸಿನಲ್ಲಿ ಮೆಷಿನ್ ಓಡಿಸುವವನು. ಮೆಷಿನ್ ಓಡುತ್ತಿರುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ಗಂಡಸರೆಲ್ಲ ಕಾಗದ ತಾ, ನಿಲ್ಲಿಸು, ಶಾಯಿ ಸಾಲದು ಎಂದು ಕೈ ಬೀಸಿ ಒದ್ದಾಡುತ್ತಿರುತ್ತಾರೆ. ಆ ಗದ್ದಲದಲ್ಲಿ ನೆಮ್ಮದಿಯಾಗಿ, ಕೈಯಲ್ಲೇ ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಿದ್ದವಳು ಅವಳೊಬ್ಬಳೇ. ಗಂಡ ಕೈಮಾತು ಕಲಿತದ್ದು ಅಲ್ಲಿ, ಮದುವೆಯಾದದ್ದು ಆಮೇಲೆ. ಅವಳು ಬೈದದ್ದು ಏನೆಂದಾದರೂ ಗೊತ್ತಾಗಲಿ ಅಂತ ಕಲಿತೆ ಎಂದು ಗೆಳೆಯರ ಮುಂದೆ ಹೇಳಿಕೊಳ್ಳುತ್ತಿದ್ದ.

ಮಗು ಬಂದ ಮೇಲೆ, ಯಾರೂ ಕೂತು ಚರ್ಚೆ ಮಾಡದೆ, ಮನೆಯಲ್ಲೊಂದು ಹಂಚಿಕೆ ಆಗಿಹೋಯಿತು. ಹಾಲು ಕುಡಿಸುವುದು, ಬಟ್ಟೆ ಒಗೆಯುವುದು, ಅಡುಗೆ, ಪಾತ್ರೆ, ಮನೆಗೇ ತಂದು ಮಡಿಸುವ ಹಾಳೆಯ ಕಟ್ಟು ಇವೆಲ್ಲ ಬೈಂಡರಮ್ಮನದು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತಾಡಿಸುವುದು ಅತ್ತೆಯದು. ಮಾತು ಬಾರದವಳು ಮಾತು ಹೇಗೆ ಕಲಿಸಿಯಾಳು ಎಂಬುದು ಅತ್ತೆಯ ಲೆಕ್ಕ. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಸೊಸೆಯ ಕೈಕೆಲಸವನ್ನು ಕೇರಿಗೆಲ್ಲ ಹೊಗಳುತ್ತಿದ್ದರು. ಮಾಡಿದಷ್ಟೂ ಇನ್ನಷ್ಟು ಕೆಲಸ ತಲೆಗೆ ಬೀಳುವುದು ಅಂಥ ಹೊಗಳಿಕೆಯಿಂದಲೇ.

ಒಂದು ಸಂಗತಿಯನ್ನು ಆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಬೇರೆ ತಾಯಂದಿರು ಪಾತ್ರೆ ಉಜ್ಜುತ್ತಲೇ ಮಗುವಿನ ಜೊತೆ ಹರಟುತ್ತಾರೆ, ಹಿಟ್ಟು ನಾದುತ್ತಲೇ ಗದರುತ್ತಾರೆ. ಕೈ ಒಂದು ಕಡೆ, ನಾಲಿಗೆ ಒಂದು ಕಡೆ. ಬೈಂಡರಮ್ಮನ ನಾಲಿಗೆ ಇದ್ದದ್ದು ಕೈಯಲ್ಲೇ. ಅದು ಸೋಪಿನ ನೀರಲ್ಲಿ ಮುಳುಗಿದ್ದಷ್ಟು ಹೊತ್ತೂ ಅವಳು ನಿಜವಾಗಿಯೂ ಮೂಕಿ. ಮಗು ತೊಟ್ಟಿಲಿನಿಂದ ಅವಳ ಕಣ್ಣು ಹುಡುಕುತ್ತಿತ್ತು. ಇವಳು ಕೈ ಒರೆಸಿಕೊಂಡು ‘ಏನಮ್ಮ?’ ಎನ್ನುವಷ್ಟರಲ್ಲಿ ಅದರ ನೋಟ ಫ್ಯಾನಿನ ಕಡೆಗೆ ಹೊರಟುಹೋಗಿರುತ್ತಿತ್ತು. ಆದರೂ ಸಿಕ್ಕ ಚೂರುಪಾರು ಸಮಯದಲ್ಲೇ ಅವಳು ಮಗಳಿಗೆ ಹಾಲು, ದೀಪ, ಬೆಕ್ಕು, ಅಪ್ಪ, ಎಲ್ಲವನ್ನೂ ಕೈಯಲ್ಲಿ ಹೇಳಿದ್ದಳು.

ಮಗು ಕೂರಲು ಕಲಿತ ಮೇಲೆ ಅದರ ಕೈಗಳು ಒಂದು ಹೊಸ ಆಟ ಶುರುಮಾಡಿದವು. ಬೆರಳು ಮುಚ್ಚುವುದು, ಬಿಚ್ಚುವುದು, ಎದೆಯ ಮುಂದೆ ತಂದು ತಿರುಗಿಸುವುದು, ನಿಲ್ಲಿಸಿ ಅಮ್ಮನ ಮುಖ ನೋಡುವುದು, ಮತ್ತೆ ಅದನ್ನೇ ಮಾಡುವುದು. ಅತ್ತೆಗೆ ಇದು ನರದ ದೋಷವಿರಬಹುದೆಂದು ಹೆದರಿಕೆಯಾಯಿತು. ಉಗುರು ಬೇರೆ ಕೆನ್ನೆಗೆ ತಾಗಿ ಗೀರಿತ್ತು. ತಮ್ಮ ಹಳೆಯ ಮೆತ್ತನೆಯ ಸೀರೆ ಕತ್ತರಿಸಿ, ಕನ್ನಡಕ ಏರಿಸಿಕೊಂಡು, ಪುಟ್ಟ ಕೈಗವಸು ಹೊಲಿದು, ಮಣಿಕಟ್ಟಿಗೆ ದಾರ ಕಟ್ಟಿ ತೊಡಿಸಿದರು. ಬೈಂಡರಮ್ಮ ಬಿಚ್ಚಿದಳು. ಅತ್ತೆ ಮತ್ತೆ ಕಟ್ಟಿದರು. ಅಜ್ಜಿಯ ಪ್ರೀತಿಯ ಗಂಟು ಬೈಂಡಿಂಗ್ ದಾರಕ್ಕಿಂತ ಗಟ್ಟಿ. ಕೈ ಕಟ್ಟಿಸಿಕೊಂಡ ಮಗು ಮಂಕಾಗಿ ಕೂರತೊಡಗಿತು.

ನೋಡಲು ಬಂದ ನಾದಿನಿ ಆ ಮಂಕುತನವನ್ನು ನೋಡಿ ತೀರ್ಪು ಕೊಟ್ಟೇಬಿಟ್ಟಳು. ಇಲ್ಲೇ ಬಿಟ್ಟರೆ ಮಗು ಹೀಗೇ ಕಲ್ಲಿನ ಹಾಗೆ ಬೆಳೆಯುತ್ತದೆ. ತನ್ನ ಮನೆಯಲ್ಲಿ ಮಕ್ಕಳಿದ್ದಾರೆ, ಮಾತಿದೆ, ಟೀವಿಯಿದೆ. ಮಕ್ಕಳ ಪರೀಕ್ಷೆ ಮುಗಿಯುತ್ತಲೇ ಬಂದು ಕರೆದುಕೊಂಡು ಹೋಗುತ್ತೇನೆ, ಮಾತು ಕೂಡಿದ ಮೇಲೆ ತಂದುಬಿಡುತ್ತೇನೆ ಎಂದಳು. ಅತ್ತೆ ಆಗಲಿ ಅಂದರು. ಗಂಡನೂ ನೆಲ ನೋಡುತ್ತ ನಿಮ್ಮಿಷ್ಟ ಅಂದ. ಬೈಂಡರಮ್ಮನಿಗೆ ಎಲ್ಲರ ತುಟಿಯೂ ಆ ದಿನ ಚೆನ್ನಾಗಿಯೇ ಓದಲು ಬಂತು.

ಮುಂದಿನ ಲಸಿಕೆಗೆ ಅತ್ತೆ ಸೊಸೆ ಇಬ್ಬರೂ ಹೋದರು. ಕ್ಲಿನಿಕ್ಕಿನ ನರ್ಸ್ ಸೂಜಿ ಹಾಕುವ ಮುಂಚೆ ಕೈಗವಸು ಯಾಕೆ ಎಂದು ಕೇಳಿದಳು. ಅತ್ತೆ ನರದ ವಿಷಯ ಹೇಳಿದರು. ನರ್ಸ್ ದಾರ ಬಿಚ್ಚಿ ಮಗುವನ್ನು ತಾಯಿಯ ಎದುರಿಗೆ ಕೂರಿಸಿದಳು. ತಾಯಿ ‘ದೀಪ ನೋಡು’ ಎಂದು ಬೆರಳು ಅರಳಿಸಿದಳು. ಮಗು ಅವಳನ್ನೇ ನೋಡಿ, ತನ್ನ ಬೆರಳು ಮುಚ್ಚಿ ಬಿಚ್ಚಿತು. ನಿಲ್ಲಿಸಿ, ಅವಳ ಮುಖ ನೋಡುತ್ತ ಕಾಯಿತು. ತಾಯಿ ಮತ್ತೆ ಹೇಳಿದಳು. ಮಗು ಮತ್ತೆ ಮುಚ್ಚಿ ಬಿಚ್ಚಿತು.

ನರ್ಸ್ ಕುರ್ಚಿ ತಿರುಗಿಸಿಕೊಂಡು, ತಾಯಿಗೂ ತುಟಿ ಕಾಣುವ ಹಾಗೆ ಕೂತಳು.

"ಬೇರೆ ಮಕ್ಕಳು ಬ-ಬ-ಬ, ಮ-ಮ-ಮ ಅಂತ ತೊದಲಲ್ವಾ? ಅಮ್ಮನ ಮಾತು ಕೈಯಲ್ಲಿದೆ. ಅದಕ್ಕೇ ಇದು ಕೈಯಲ್ಲಿ ತೊದಲ್ತಾ ಇದೆ, ಅಜ್ಜಿ. ನೀವು ಅದರ ಬಾಯಿಗೆ ಬಟ್ಟೆ ಕಟ್ಟಿದ ಹಾಗಾಯ್ತು."

ಅತ್ತೆ ತಾವೇ ಹೊಲಿದ ಕೈಗವಸನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡರು. ನರ್ಸ್ ನಿಧಾನವಾಗಿ ಬಿಡಿಸಿ ಹೇಳಿದಳು. ಮೊದಲ ವರ್ಷದಲ್ಲಿ ಮಿದುಳು ಬೆಳೆಯುವಷ್ಟು ವೇಗವಾಗಿ ಮುಂದೆಂದೂ ಬೆಳೆಯುವುದಿಲ್ಲ. ಒಳಗೆ ಲೆಕ್ಕವಿಲ್ಲದಷ್ಟು ಕಾಲುದಾರಿಗಳು ಬೀಳುತ್ತಿರುತ್ತವೆ. ಮಗು ನೋಡುತ್ತದೆ, ನಾವು ಉತ್ತರ ಕೊಡುತ್ತೇವೆ. ಅದು ಏನೋ ಅನ್ನುತ್ತದೆ, ನಾವು ತಿರುಗಿ ಅನ್ನುತ್ತೇವೆ. ಹೀಗೆ ಓಡಾಡಿದ ದಾರಿ ಗಟ್ಟಿಯಾಗುತ್ತದೆ, ಯಾರೂ ಓಡಾಡದ್ದು ಮುಚ್ಚಿಹೋಗುತ್ತದೆ. ಉತ್ತರ ಬಾಯಿಂದ ಬಂತೋ ಕೈಯಿಂದ ಬಂತೋ ಎಂದು ಮಿದುಳು ತಕರಾರು ಮಾಡುವುದಿಲ್ಲ. ಟೀವಿ ಮಾತ್ರ ಮಗುವಿಗೆ ತಿರುಗಿ ಉತ್ತರ ಕೊಡುವುದಿಲ್ಲ. ಅಜ್ಜಿಯ ಮಾತೂ ಇರಲಿ, ಅಮ್ಮನ ಮಾತೂ ಇರಲಿ, ಎರಡು ಭಾಷೆ ಬಂದರೆ ಮಗುವಿಗೆ ಲಾಭವೇ ಎಂದಳು.

ಸಂಜೆ ಗಂಡ ಕೆಲಸದಿಂದ ಬರುತ್ತಲೇ ಬೈಂಡರಮ್ಮ ಅವನನ್ನು ಅತ್ತೆಯ ಎದುರು ಕೂರಿಸಿ, ತಾನು ಹೇಳುವುದನ್ನೆಲ್ಲ ಒಂದಕ್ಷರ ಬಿಡದೆ ಬಾಯಿಬಿಟ್ಟು ಹೇಳಬೇಕೆಂದಳು. ಅವನು ಅವಳ ಕೈ ನೋಡುತ್ತ ಶುರುಮಾಡಿದ.

"ನನ್ನ ಮಗಳನ್ನ ಎಲ್ಲಿಗೂ ಕಳಿಸಲ್ಲ. ಅವಳಿಗೆ ನನ್ನ ಮಾತು ಬೇಕು. ಪಾತ್ರೆ ತೊಳೆಯೋವಾಗ ನಾನು ಮಾತಾಡಕ್ಕಾಗಲ್ಲ. ಬಟ್ಟೆ ಒಗೆಯೋವಾಗ ಮಾತಾಡಕ್ಕಾಗಲ್ಲ. ಈ ಮನೇಲಿ ನನ್ನ ಬಾಯಿ ಮುಚ್ಚಿಸಿರೋದು ಕಿವುಡಲ್ಲ, ಕೆಲಸ." ಇಲ್ಲಿಗೆ ಬಂದು ಅವನು ತಡವರಿಸಿದ.

ಬೈಂಡರಮ್ಮ ಮೇಜು ಬಡಿದಳು.

"ಮುಂದೆ ಏನಂತೆ, ಹೇಳೋ," ಅಂದರು ಅತ್ತೆ.

"ನನ್ನ ಗಂಡ ಕುಡಿದ ಲೋಟಾನೂ ಎತ್ತಿಡಲ್ಲ," ಅಂದ ಅವನು, ತಗ್ಗಿದ ದನಿಯಲ್ಲಿ.

"ಯಾರ ಗಂಡ?"

"ನಾನೇ ಕಣಮ್ಮ."

ಅತ್ತೆ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರು. ಸೊಸೆಯ ಕೈ ಮಾತ್ರ ನಿಲ್ಲಲಿಲ್ಲ. ಇನ್ನು ಮೇಲೆ ಬೆಳಗಿನ ಪಾತ್ರೆ, ಸಂಜೆಯ ಪಾತ್ರೆ, ಮಗುವಿನ ಬಟ್ಟೆ ಅವನದು ಎಂದು ತೀರ್ಪು ಬಂತು, ಅದನ್ನೂ ಅವನ ಬಾಯಿಂದಲೇ. ಶಿಕ್ಷೆಯನ್ನು ತಾನೇ ಓದಿ ಹೇಳುವ ಕೈದಿಯ ಮುಖ ಹೊತ್ತು, ಆವತ್ತೇ ಹೋಗಿ ಸಿಂಕಿನ ಮುಂದೆ ನಿಂತ. ಮೊದಮೊದಲು ಅವನು ತೊಳೆದ ಪಾತ್ರೆಯಲ್ಲಿ ಜಿಡ್ಡು ಉಳಿಯುತ್ತಿತ್ತು. ಬೈಂಡರಮ್ಮ ಎತ್ತಿ ಬೆಳಕಿಗೆ ಹಿಡಿದು, ವಾಪಸ್ಸು ಸಿಂಕಿಗೇ ಹಾಕಿ ಬರುತ್ತಿದ್ದಳು. ತಾನು ಮಾತ್ರ ಒಂದನ್ನೂ ತೊಳೆಯಲಿಲ್ಲ. ಖಾಲಿಯಾದ ಆ ಎರಡು ಕೈಯಿಂದ ಮಗಳಿಗೆ ಕಿಟಕಿಯಾಚೆಯ ಬೀದಿಯನ್ನೆಲ್ಲ ಹೇಳಿದಳು: ಸೈಕಲ್ಲು, ನಾಯಿ, ಜಗಳವಾಡುವ ಗುಬ್ಬಿಗಳು, ಛತ್ರಿ ಮರೆತ ಮೇಷ್ಟ್ರು. ಮಗುವಿನ ಮಂಕು ಹರಿಯಿತು. ಅತ್ತೆಯೂ ತೊಡೆಯ ಮೇಲೆ ಕೂರಿಸಿಕೊಂಡು ಕತೆ ಹೇಳುವುದನ್ನು ಬಿಡಲಿಲ್ಲ.

ಪರೀಕ್ಷೆ ಮುಗಿಯಿತು. ಮಗುವಿನ ಬಟ್ಟೆಗೆಂದು ಖಾಲಿ ಚೀಲ ಹಿಡಿದುಕೊಂಡೇ ನಾದಿನಿ ಬಂದಳು. ಕಳಿಸುವುದಿಲ್ಲ ಎಂದು ಅಣ್ಣ ಫೋನಿನಲ್ಲಿ ಹೇಳಿದ್ದನ್ನು ಅವಳು ನಂಬಿರಲಿಲ್ಲ. ಅಮ್ಮ ಒಂದು ಮಾತು ಹೇಳಿದರೆ ಸಾಕು ಎಂದು ಅವಳಿಗೆ ಗೊತ್ತಿತ್ತು. ಊಟದ ಹೊತ್ತು. ಅತ್ತೆ ಮಗುವಿಗೆ ಬಾಳೆಹಣ್ಣು ಕಿವುಚಿ ತಿನ್ನಿಸುತ್ತಿದ್ದರು. ನಾದಿನಿಯ ವಾದ ಕೇಳುತ್ತ ಚಮಚವನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಿದರು. ಮಗು ಚಮಚ ನೋಡಿತು, ಅಜ್ಜಿಯನ್ನು ನೋಡಿತು. ಆಮೇಲೆ ಎರಡೂ ಕೈಯ ಬೆರಳುತುದಿಗಳನ್ನು ಕೂಡಿಸಿ ಒಂದಕ್ಕೊಂದು ತಟ್ಟಿತು. ಅಜ್ಜಿಯ ಮುಖವನ್ನೇ ನೋಡುತ್ತ ಮತ್ತೆ ತಟ್ಟಿತು.

ಅತ್ತೆ ಸೊಸೆಯ ಕಡೆ ತಿರುಗಿ, ತುಟಿ ಬಿಡಿಸಿ ಕೇಳಿದರು, "ಏನಂತಿದ್ದಾಳೆ?"

ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ಮಾತಿನ ಅರ್ಥವನ್ನೂ ಯಾರೂ ಅವಳಲ್ಲಿ ಕೇಳಿರಲಿಲ್ಲ. ಬೈಂಡರಮ್ಮ ತಟ್ಟೆಯಲ್ಲಿದ್ದ ಇನ್ನೊಂದು ಹಣ್ಣು ಸುಲಿದು ಬಟ್ಟಲಿಗೆ ಹಾಕಿದಳು. ಅತ್ತೆಗೆ ತಿಳಿಯಿತು. ಇನ್ನೊಂದು ತುತ್ತು ಕೊಟ್ಟರು. ಮಗು ನುಂಗಿ, ಮತ್ತೆ ಬೆರಳುತುದಿ ತಟ್ಟಿ, ಗೆದ್ದವಳ ಹಾಗೆ ಕುಣಿಯಿತು.

"ಇನ್ನೂ ಬೇಕು ಅಂತಿದ್ದಾಳೆ ಕಣೇ," ಅಂದರು ಅತ್ತೆ ಮಗಳಿಗೆ. "ಬಾಯಿಬಿಟ್ಟು ಕೇಳ್ತಿದ್ದಾಳೆ. ನಿನ್ನ ಮಕ್ಕಳು ಈ ವಯಸ್ಸಲ್ಲಿ ಅತ್ತುಕೊಂಡೇ ತಾನೇ ಕೇಳ್ತಿದ್ದಿದ್ದು?"

ನಾದಿನಿ ಚೀಲ ಮಡಚಿ ಪಕ್ಕಕ್ಕಿಟ್ಟಳು. ಬೈಂಡರಮ್ಮ ಮಗಳ ಎದುರು ನೆಲದ ಮೇಲೆ ಕೂತಳು. ಹಣ್ಣು, ಅಜ್ಜಿ, ಸಿಹಿ, ಇನ್ನೂ ಎಂದು ಅವಳ ಕೈ ಹರಿಯತೊಡಗಿತು. ಊಟ ಮುಗಿದಿತ್ತು, ಎಂಜಲು ತಟ್ಟೆಗಳು ಸುತ್ತ ಬಿದ್ದಿದ್ದವು. ಅಭ್ಯಾಸಬಲದಿಂದ ಅವಳು ಏಳಹೋದಾಗ ಅತ್ತೆ ಭುಜ ಹಿಡಿದು ಕೂರಿಸಿದರು. ಒಳಕೋಣೆಯತ್ತ ಕತ್ತು ತಿರುಗಿಸಿ, ಕೇರಿಗೆಲ್ಲ ಕೇಳುವ ಹಾಗೆ ಮಗನನ್ನು ಕರೆದರು.

"ಬಂದು ತಟ್ಟೆ ತಗೊಂಡು ಹೋಗೋ. ಅವಳು ಮಾತಾಡ್ತಾ ಇದ್ದಾಳೆ."