ಕಟ್ಟು ಬೇಡವೆಂದ ಅತ್ತೆ

ಎಂಬತ್ತರ ದಶಕದ ಮೊದಲಲ್ಲಿ ನಾನು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಚಿನ್ನದ ಗಣಿಗಳಿದ್ದ ಕೋರಮಂಡಲ್‌ಗೆ ಹೋಗಿ ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ತುಂತುರು ಮಳೆಯಲ್ಲಿ ರೈಲಿನಿಂದ ಇಳಿಯುವಾಗ ಚಪ್ಪಲಿ ಜಾರಿ ಬಲಗೈ ಊರಿ ಬಿದ್ದೆ. ಅಂಗೈ ತರಚಿತು, ಅಷ್ಟೇ ಅಂದುಕೊಂಡೆ. ಕ್ಲಾಸಿನಲ್ಲಿ ಚಾಕ್‌ಪೀಸ್ ಹಿಡಿದು ಬೋರ್ಡಿನತ್ತ ಕೈ ಎತ್ತಿದಾಗ ಮೊಣಕೈಯಲ್ಲಿ ಜೀವ ಹೋದಂತಾಯಿತು.

ಜೊತೆಯ ಟೀಚರೊಬ್ಬರು ಅಲ್ಲೇ ನಂದಿದುರ್ಗ ಗಣಿಯ ಕಡೆಯ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಅವರು ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು: "ಮೊಣಕೈ ಹತ್ರ ಸಣ್ಣ ಬಿರುಕು. ಎಲುಬು ಜಾಗ ಬಿಟ್ಟು ಸರಿದಿಲ್ಲ. ಸರಿದಿದ್ರೆ ಮಾವುಕಟ್ಟು ಹಾಕ್ತಿದ್ದೆ." ಸಿಮೆಂಟಿನ ಕಟ್ಟಿಗೆ ಅಲ್ಲಿಯವರು ಮಾವುಕಟ್ಟು ಅನ್ನುತ್ತಿದ್ದರು. ಕತ್ತಿಗೆ ಬಟ್ಟೆ ಕಟ್ಟಿ ಕೈಯನ್ನು ತೂಗುಹಾಕಿ, "ನೋವು ಸ್ವಲ್ಪ ಇಳಿಯೋವರೆಗೂ ಹೀಗಿರಲಿ. ಆಮೇಲೆ ದಿನಾ ಬಿಚ್ಚಿ ಮಡಿಚಬೇಕು, ಚಾಚಬೇಕು, ಅಂಗೈ ತಿರುಗಿಸಬೇಕು. ಭಾರ ಮಾತ್ರ ಎತ್ತಬೇಡಿ" ಅಂದರು.

ಮನೆಯಲ್ಲಿ ಇದನ್ನು ಹೇಳಿದ್ದೇ ತಡ, ದೊಡ್ಡತ್ತೆ ಎದ್ದು ಕೂತರು. ಅವರು ನಮ್ಮ ಮಾವನ ಅಕ್ಕ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದವರು. ಅವರ ಮಾತಿಗೆ ಆ ಮನೆಯಲ್ಲಿ ಎದುರಿರಲಿಲ್ಲ.

"ಎಲುಬು ಬಿರುಕು ಬಿಟ್ಟೋಳ್ಗೆ ಕೈ ಆಡ್ಸು ಅಂತಾಳಾ? ಅವಳೆಂಥ ಡಾಕ್ಟರು! ನಾಳೆ ಕಟ್ಟು ಕಟ್ಟೋನ್ನ ಕರಸ್ರಿ. ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಲಿ. ಮೂರು ತಿಂಗ್ಳು ಅಲ್ಲಾಡಬಾರ್ದು."

ಮಾವ ತಲೆಯಾಡಿಸಿದರು. ನಿಜ ಹೇಳಬೇಕೆಂದರೆ ನನಗೂ ಸಮಾಧಾನವೇ ಆಯಿತು. ನೋಯುವ ಕೈಯನ್ನು ಅಲ್ಲಾಡಿಸಬೇಕಲ್ಲ ಎಂಬ ಭಯ ದಾರಿಯುದ್ದಕ್ಕೂ ಕಾಡಿತ್ತು.

ಆಗ ಅಡುಗೆಮನೆಯಿಂದ ಅತ್ತೆ ಬಂದರು. ನಾಲ್ಕು ಹಸು ಸಾಕಿ ಹಾಲು ಹಾಕುತ್ತಿದ್ದ, ಮಾತು ಕಡಿಮೆಯ ಹೆಂಗಸು. ದೊಡ್ಡತ್ತೆಗೆ ಅವರು ಎದುರು ಹೇಳಿದ್ದನ್ನು ನಾನು ಕಂಡಿರಲಿಲ್ಲ.

"ಬ್ಯಾಡ ಅಕ್ಕಾ," ಅಂದರು. "ಕಟ್ಟು ಬ್ಯಾಡ."

"ಯಾಕೆ? ನಿನ್ಗೇನು ಗೊತ್ತು?"

ಅತ್ತೆ ಎಡಗೈಯನ್ನು ಮುಂದೆ ಮಾಡಿದರು. ಆ ಮೊಣಕೈ ಅರ್ಧ ಮಡಿಚಿದಂತೆಯೇ ನಿಂತುಹೋಗಿತ್ತು. ಹುಟ್ಟಿನಿಂದಲೇ ಹಾಗೆ ಅಂತ ನಾನು ತಿಳಿದಿದ್ದೆ.

"ಚಿಕ್ಕೋಳಿದ್ದಾಗ ಹುಣಸೆಮರದಿಂದ ಬಿದ್ದಿದ್ದೆ. ಕಟ್ದೋನು ಚೆನ್ನಾಗೇ ಕಟ್ಟಿದ್ದ, ಇಂತಾ ಒತ್ನಲ್ಲಿ ಬಿಚ್ಚಿ ಎಣ್ಣೆ ಆಕಿ ಆಡ್ಸು ಅಂತಾನೂ ಏಳಿದ್ದ. ನಮ್ಮಮ್ಮ ಎದ್ರಕೊಂಡು ಬಿಚ್ಲೇ ಇಲ್ಲ. ಸುಗ್ಗಿ ಮುಗಿಯೋವರ್ಗೂ ಅಂಗೇ ಇತ್ತು. ಎಲುಬು ಕೂಡ್ಕಂತು, ಆದ್ರೆ ಕೈ ಇಂಗೇ ನಿಂತೋಯ್ತು. ಈ ಹುಡ್ಗಿ ಬೋರ್ಡ್ ಮ್ಯಾಲೆ ಬರೀಬೇಕು. ಡಾಕ್ಟರಮ್ಮ ಏಳ್ದಂಗೇ ಆಗ್ಲಿ. ನಾನು ನೋಡ್ಕಂತೀನಿ."

ದೊಡ್ಡತ್ತೆ ಮುಖ ತಿರುಗಿಸಿಕೊಂಡರು. ಮಾವ ಕಟ್ಟು ಕಟ್ಟುವವನನ್ನು ಕರೆಸಲಿಲ್ಲ.

ಊತ ಇಳಿಯುವ ತನಕ ಅತ್ತೆ ನನಗೆ ಒಂದು ಲೋಟವನ್ನೂ ಎತ್ತಗೊಡಲಿಲ್ಲ. ನೀರು ಹೊತ್ತರು, ನನ್ನ ಸೀರೆ ಒಗೆದರು, ಬೆಳಗಿನ ರೈಲಿಗೆ ಮುಂಚೆ ನನ್ನ ತಲೆಯನ್ನೂ ಬಾಚಿದರು. ಆಮೇಲೆ ಒಂದು ಸಂಜೆ ಹಾಲು ಕರೆದು ಬಂದವರೇ ನನ್ನೆದುರು ಕೂತು ಕತ್ತಿನ ಬಟ್ಟೆ ಬಿಚ್ಚಿದರು.

"ಈಗ ಮಡಚಮ್ಮ."

ಕಣ್ಣಲ್ಲಿ ನೀರು ಬಂತು. "ಆಗಲ್ಲ ಅತ್ತೆ" ಅಂದೆ.

"ಎಷ್ಟಾಗುತ್ತೋ ಅಷ್ಟು. ಎಳೀಬ್ಯಾಡ. ನಿನ್ ಕೈ ನೀನೇ ಆಡ್ಸು, ನಾನು ಮುಟ್ಟಲ್ಲ."

ಅವರು ನಿಜವಾಗಿಯೂ ಮುಟ್ಟಲಿಲ್ಲ. ಎದುರಿಗೆ ಕೂತು ತಮ್ಮ ಬಲಗೈಯನ್ನು ಮಡಿಚಿ ಚಾಚಿ ತೋರಿಸುತ್ತಿದ್ದರು, ನಾನು ಅದನ್ನು ನೋಡಿಕೊಂಡು ಮಾಡುತ್ತಿದ್ದೆ. ದಿನಾ ಹಾಗೆಯೇ ನಡೆಯಿತು. ನಾನು ತಪ್ಪಿಸಿಕೊಳ್ಳಲು ನೋಡಿದ ದಿನ ಗದರಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಸುಮ್ಮನೆ ಅವರೆಕಾಯಿ ಬಿಡಿಸುತ್ತಾ ಕಾದರು. ಕೊನೆಗೆ ನನಗೇ ನಾಚಿಕೆಯಾಗಿ ಕೈ ಚಾಚಿದೆ. ಮೊದಲು ಮೂಗುತಿಯನ್ನು ಮುಟ್ಟಿಕೊಂಡೆ, ಆಮೇಲೆ ಜಡೆಯ ಬುಡವನ್ನು. ಅಂಗೈಯನ್ನು ಮೇಲಕ್ಕೆ ತಿರುಗಿಸಿ ಅವರು ಕೊಟ್ಟ ಬೆಲ್ಲದ ಚೂರು ಹಿಡಿದ ದಿನ ಇಬ್ಬರೂ ನಕ್ಕೆವು.

ಮತ್ತೆ ಡಾಕ್ಟರಮ್ಮನ ಹತ್ತಿರ ಹೋದಾಗ ಅತ್ತೆಯೂ ಬಂದರು. ನನ್ನ ಕೈ ನೋಡಿ ಡಾಕ್ಟರಮ್ಮನಿಗೆ ಖುಷಿಯಾಯಿತು. ಅತ್ತೆಯ ಎಡಗೈಯನ್ನೂ ಹಿಡಿದು ನೋಡಿದರು. "ಇದು ತುಂಬಾ ಹಳೇದಾಗೋಯ್ತು ಅಮ್ಮಾ" ಅಂತ ಮೆಲ್ಲಗೆ ಹೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು, "ನನ್ಗೆ ಗೊತ್ತು ಕಣಮ್ಮ. ಇದ್ರಲ್ಲೇ ಹಾಲು ಕರೀತೀನಿ, ಏನೂ ಕಮ್ಮಿ ಇಲ್ಲ. ಇವಳ್ದು ಸರಿಯಾಯ್ತಲ್ಲ, ಅದನ್ ಏಳು" ಅಂದರು. ಅವರ ದನಿಯಲ್ಲಿ ಒಂದಿಷ್ಟೂ ಅಸೂಯೆ ಇರಲಿಲ್ಲ. ಅಂಥ ಮನಸ್ಸನ್ನು ನಾನು ಹೆಚ್ಚು ಕಡೆ ಕಂಡಿಲ್ಲ.

ನನ್ನ ಕೈ ಈಗಲೂ ಪೂರ್ತಿ ನೇರವಾಗುವುದಿಲ್ಲ, ಒಂದಿಷ್ಟು ಬಾಗಿಯೇ ಇರುತ್ತದೆ. ಆದರೆ ರಿಟೈರಾಗುವ ತನಕ ಬೋರ್ಡಿನ ಮೇಲ್ತುದಿಯಿಂದಲೇ ಬರೆದೆ.

ಕೆಲವು ವರ್ಷಗಳ ಮೇಲೆ ದೊಡ್ಡತ್ತೆ ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಎಲುಬು ಸರಿದಿತ್ತು. ಅದೇ ಡಾಕ್ಟರಮ್ಮ ಮಾವುಕಟ್ಟು ಹಾಕಿ, ಬೆರಳುಗಳನ್ನು ಮಾತ್ರ ಆಡಿಸುತ್ತಿರಬೇಕು ಅಂದರು. ದೊಡ್ಡತ್ತೆ ಕೈಯನ್ನು ಎದೆಗವಚಿಕೊಂಡು ಮೂಲೆಯಲ್ಲಿ ಕೂತುಬಿಟ್ಟರು. ಅತ್ತೆ ಹೋಗಿ ಅವರ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೂತರು.

"ಕಟ್ಟು ಕಟ್ಟಿರೋ ಜಾಗ ಅಲ್ಲಾಡಬಾರ್ದು ಅಕ್ಕಾ, ಅದು ಸರಿ. ಬೆರಳಿಗೇನಾಗೈತೆ? ಎಲ್ಲಿ, ಮುಷ್ಟಿ ಮಾಡು."

ದೊಡ್ಡತ್ತೆ ಗೊಣಗಿದರು, ಆದರೂ ಬೆರಳು ಮಡಿಚಿದರು.