ಬಿಲ್ಲೆ ಕೋಣೆಯ ಕೋದಂಡಪ್ಪನ ಕರುಣೆ

ಕೋದಂಡಪ್ಪನಿಗೆ ಅಳುವ ಹೆಂಗಸರನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಅವನ ಊರಿನವರು ಒಳ್ಳೆಯತನ ಎಂದರು, ಹೆಂಡತಿ ವರಲಕ್ಷ್ಮಮ್ಮ ಮೆತ್ತನೆಯ ಕರುಳು ಎಂದಳು. ಸರಿಯಾದ ಹೆಸರಿಟ್ಟವರು ಯಾರೂ ಇರಲಿಲ್ಲ.

ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಬೆಳಗಿನ ರೈಲು ಹಿಡಿದು ಚಿನ್ನದ ಗಣಿಗೆ ಹೋಗುವುದು, ಆಳುಗಳು ನೆಲದೊಳಕ್ಕೆ ಇಳಿಯುವ ಶಾಫ್ಟಿನ ಬಾಯಿಯ ಪಕ್ಕದ ತಗಡಿನ ಕೋಣೆಯಲ್ಲಿ ಕೂರುವುದು, ಇದು ಅವನ ಕೆಲಸ. ಗೋಡೆಯ ತುಂಬ ಮೊಳೆಗಳು, ಮೊಳೆಗೊಂದು ನಂಬರು. ಕೆಳಗಿಳಿಯುವವನು ತನ್ನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ಸಿಕ್ಕಿಸಿ ಹೋಗುತ್ತಾನೆ, ಮೇಲೆ ಬಂದವನು ತೆಗೆದುಕೊಂಡು ಮನೆಗೆ ನಡೆಯುತ್ತಾನೆ. ಬಿಲ್ಲೆ ಗೋಡೆಯಲ್ಲೇ ಇದೆಯೆಂದರೆ ಮನುಷ್ಯ ಇನ್ನೂ ನೆಲದೊಳಗಿದ್ದಾನೆ. ಅದಕ್ಕೇ, ಕೆಳಗೆ ಬಂಡೆ ಸಿಡಿದು ಕೂಲಿಯವರ ಲೈನ್ ಮನೆಗಳ ಪಾತ್ರೆ ಉರುಳಿತೆಂದರೆ ಹೆಂಗಸರು ಆಫೀಸಿಗೆ ಓಡುತ್ತಿರಲಿಲ್ಲ, ಬೇಲಿಗೆ ಅಂಟಿಕೊಂಡ ಕೋದಂಡಪ್ಪನ ಕಿಟಕಿಗೆ ಓಡುತ್ತಿದ್ದರು. ಬಾಯಿ ಬಿಡಬಾರದೆಂದು ಅವನಿಗೆ ಅಪ್ಪಣೆಯಿತ್ತು. ಅವರು ಅವನ ಬಾಯನ್ನು ನೆಚ್ಚಿಕೊಂಡಿರಲಿಲ್ಲ. ಮುಖ ನೋಡುತ್ತಿದ್ದರು.

ಸಾವಿರದ ಒಂಬೈನೂರ ಐವತ್ತಾರರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹಾಗೆ ನೆಲ ನಡುಗಿತು. ಕಿಟಕಿಗೆ ಮೊದಲು ಬಂದವಳು ಕನಕಮ್ಮ. ಕೋದಂಡಪ್ಪನ ಹಳ್ಳಿಯವಳೇ, ಮದುವೆಯಾಗಿ ಊರಿಗಾಂ ಲೈನಿಗೆ ಬಂದಿದ್ದಳು, ಅವನನ್ನು ಅಣ್ಣ ಎಂದು ಕರೆಯುತ್ತಿದ್ದಳು. ಜ್ವರದ ಮೈಯಲ್ಲೇ ಎದ್ದು ಓಡಿಬಂದಿದ್ದಳು. ಅವಳ ಗಂಡ ಕದಿರಪ್ಪನ ಬಿಲ್ಲೆ ಕೋದಂಡಪ್ಪನ ಬೆನ್ನ ಹಿಂದೆ ತೂಗುತ್ತಿತ್ತು. ತಿರುಗಿ ನೋಡುವ ಅಗತ್ಯವೂ ಅವನಿಗಿರಲಿಲ್ಲ.

"ಮೇಲಕ್ ಬಂದವ್ನೆ ಕಣಮ್ಮ. ಆಗ್ಲೇ ಓದ. ನೀನ್ ಮನೇಗ್ ಓಗು," ಅಂದ.

ಅವಳ ಮುಖ ತಿಳಿಯಾಯಿತು. ಅದನ್ನು ಕಂಡು ಇವನ ಎದೆಯೂ ತಣ್ಣಗಾಯಿತು. ಸುಳ್ಳು ಹೇಳಿದ್ದು ಈ ಎರಡರಲ್ಲಿ ಯಾವುದಕ್ಕೆ? ಜ್ವರದ ಹೆಣ್ಣು, ಉರಿಬಿಸಿಲು, ನಿಂತರೆ ಬಿದ್ದುಬಿಡುತ್ತಾಳೆ ಎಂದು ಕಾರಣ ಕೊಡಬಹುದು. ಇಂಥ ಕಾರಣಗಳಿಗೆ ಲೋಕದಲ್ಲಿ ಬರವೇ? ನಿಜ ಬೇರೆ. ಅವಳು ಎದೆ ಬಡಿದುಕೊಳ್ಳುವುದನ್ನು ಕೂತು ನೋಡುವುದು ಅವನಿಂದ ಆಗುತ್ತಿರಲಿಲ್ಲ. ತನ್ನ ಕಣ್ಣಿಗೆ ಆ ನೋಟ ತಪ್ಪಿಸಿಕೊಳ್ಳಲು ಅವಳನ್ನು ಅಲ್ಲಿಂದ ಅಟ್ಟಿದ.

ಅವಳು ಹೋಗಿ ಗಂಡನ ಸ್ನಾನಕ್ಕೆ ಒಲೆ ಹಚ್ಚಿದಳು. ಹೊತ್ತಾದರೂ ಬರದವನನ್ನು, ಹೆಂಡದಂಗಡಿಯಲ್ಲಿ ಕೂತಿರಬೇಕು ಎಂದು ಬೈದುಕೊಳ್ಳುತ್ತ ಕಾದಳು.

ಎರಡು ಗಂಟೆ ಕಳೆದ ಮೇಲೆ, ಆಳುಗಳನ್ನು ಏರಿಸಿ ಇಳಿಸುವ ಕೇಜು ಕದಿರಪ್ಪನನ್ನು ಮೇಲೆ ತಂದಿತು. ಸೊಂಟದಿಂದ ಕೆಳಗೆ ಜಜ್ಜಿಹೋಗಿತ್ತು, ಉಸಿರಿತ್ತು. ಯಾರಿಗೆ ಹಾಗಾಗಿದೆಯೋ ಅವನ ಹೆಂಡತಿಯನ್ನು ಮಾತ್ರ ಕಾವಲುಗಾರ ಬೇಲಿಯೊಳಗೆ ಬಿಡುವುದು ಅಲ್ಲಿನ ವಾಡಿಕೆ. ಬೇಲಿಯ ಹತ್ತಿರ ಕನಕಮ್ಮ ಇರಲಿಲ್ಲ. ಕೇಜು ನಡೆಸುವ ಪೆರುಮಾಳ್ ಅವಳನ್ನು ಕರೆತರಲು ಲೈನಿನ ಕಡೆ ಓಡಿದ. ಬಿಲ್ಲೆ ಕೋಣೆಯ ಜಗಲಿಯ ಮೇಲೆ ಮಲಗಿದ್ದ ಕದಿರಪ್ಪ ಮೂರು ಸಲ, "ಕನಕ ಬಂದ್ಲಾ?" ಎಂದು ಕೇಳಿದ. ನಾಲ್ಕನೆಯ ಸಲ ಕೇಳಲಿಲ್ಲ. ಅವಳು ಒಲೆಯ ಬೂದಿಗೈಯಲ್ಲೇ ಬಂದಾಗ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು.

ಆಗ ಕೋದಂಡಪ್ಪ ಅವಳಿಗೆ ಇನ್ನೆರಡು ಸುಳ್ಳು ಹೇಳಿದ. ಗಾಬರಿಯಲ್ಲಿ ನಂಬರು ತಪ್ಪಾಗಿ ಓದಿದೆ, ಕೇಜು ಬರುವಾಗಲೇ ಜೀವ ಇರಲಿಲ್ಲ. ಅವಳು ನಂಬಿದಳು. ನಿನ್ನ ತಪ್ಪೇನಿದೆ ಅಣ್ಣ ಎಂದು, ಆ ಹೊತ್ತಿನಲ್ಲೂ, ಅವನಿಗೇ ಸಮಾಧಾನ ಹೇಳಿದಳು.

ಗಂಡ ಹೋದ ಮೇಲೆ ಕಂಪನಿಯ ಲೈನ್ ಮನೆ ಬಿಡಬೇಕಾಯಿತು. ಆಂಡರ್ಸನ್‌ಪೇಟೆಯಲ್ಲಿ ಮಾರಿಯಮ್ಮ ಎಂಬವಳ ಹಿತ್ತಿಲ ಕೋಣೆಗೆ ಬಂದು, ಹೋಟೆಲಿಗೆ ಹಿಟ್ಟು ರುಬ್ಬಿ ಕನಕಮ್ಮ ಬದುಕು ಕಟ್ಟಿಕೊಂಡಳು. ಒಂಬತ್ತು ವರ್ಷ, ಪ್ರತಿ ಭಾನುವಾರ, ಕೋದಂಡಪ್ಪ ರಾಗಿಹಿಟ್ಟು, ಹುರುಳಿ, ಅವರೆಕಾಯಿ ಹೊತ್ತು ತಂದ. ನೋಡಿದವರು ಕೈ ಮುಗಿದರು. ಒಡಹುಟ್ಟಿದವರು ಇಷ್ಟು ಮಾಡುತ್ತಾರೆಯೇ ಎಂದರು. ಆ ಮಾತು ಕೇಳಿಸಿಕೊಂಡ ದಿನ ಅವನಿಗೆ ಅನ್ನ ಸೇರುತ್ತಿತ್ತು.

ಅರವತ್ತೈದನೆಯ ಇಸವಿಯಲ್ಲಿ ಅವನು ಕೆಲಸದಿಂದ ನಿವೃತ್ತನಾದ. ಹಾರ ಹಾಕುವ ದಿನ ಕನಕಮ್ಮ ತಾನಾಗಿ ಎದ್ದು ನಿಂತು, ಎಲ್ಲರ ಮುಂದೆ, ಈ ಅಣ್ಣ ಇಲ್ಲದಿದ್ದರೆ ನಾನು ಯಾವತ್ತೋ ಬಾವಿ ನೋಡಿಕೊಂಡಿರುತ್ತಿದ್ದೆ ಎಂದಳು. ಜನ ಕಣ್ಣೊರೆಸಿಕೊಂಡರು. ಅವನು ಆ ಹಾರವನ್ನು ಕುತ್ತಿಗೆಯಿಂದ ತೆಗೆದು ಪಕ್ಕಕ್ಕಿಟ್ಟ. ಮುಂದಿನ ಭಾನುವಾರ ಚೀಲ ಕೆಳಗಿಟ್ಟವನೇ ಬಿಲ್ಲೆಯ ಸುಳ್ಳು, ಜಗಲಿ, ಕದಿರಪ್ಪ ಮೂರು ಸಲ ಕೇಳಿದ್ದು, ಎಲ್ಲ ಒದರಿಬಿಟ್ಟ.

ಅವಳು ಅಳಲಿಲ್ಲ.

"ಇದ್ನ ಇವತ್ ಯಾಕಣ್ಣ ಏಳ್ದೆ?"

"ಇಟ್ಕೊಂಡಿರಕ್ ಆಗ್ಲಿಲ್ಲ ಕಣಮ್ಮ."

"ನಿಂಗ್ ಆಗ್ಲಿಲ್ಲ, ಅದ್ಕೆ ನಂಗ್ ಕೊಟ್ಟೆ. ಅವ್ನಿಗೇನೂ ತಿಳೀದಂಗೆ ಸತ್ತ ಅಂತ ಒಂಬತ್ ವರ್ಸ ನಿದ್ದೆ ಮಾಡ್ಕೊಂಡಿದ್ದೆ ನಾನು. ಇನ್ಮೇಲೆ ದಿನಾ ಕೇಳ್ತಾನೆ, ಬಂದ್ಲಾ ಅಂತ. ಯಾರಣ್ಣ ಉತ್ರ ಏಳೋರು?"

ಅವನು ಖಾಲಿ ಚೀಲ ಮಡಚಿಕೊಂಡು ಎದ್ದ. ಸಂಜೆಯ ರೈಲಿನಲ್ಲಿ ಸೀಟಿಗೆ ಒರಗಿದವನಿಗೆ ನಿದ್ದೆ ಹತ್ತಿತು. ಎಷ್ಟೋ ವರ್ಷಗಳಿಂದ ಬಾರದ ನಿದ್ದೆ. ಬಂಗಾರಪೇಟೆಯಲ್ಲಿ ಗಾಡಿ ಖಾಲಿಯಾದ ಮೇಲೆ ಯಾರೋ ಭುಜ ಅಲುಗಿಸಿ ಎಬ್ಬಿಸಬೇಕಾಯಿತು. ಇಳಿದವನು ತನ್ನ ಹಗುರಾದ ಮೈಗೆ ತಾನೇ ಹೇಸಿದ.

ಮತ್ತೊಂದು ಭಾನುವಾರ ಹೋದಾಗ ಮಾರಿಯಮ್ಮ ಗೇಟಿನಲ್ಲೇ ತಡೆದು, ನಾಲ್ಕು ದಿನದಿಂದ ಕೆಲಸಕ್ಕೂ ಹೋಗಿಲ್ಲ, ಅನ್ನವೂ ಮುಟ್ಟಿಲ್ಲ, ಏನು ಮಾಡಿದೆಯಪ್ಪ ಅವಳಿಗೆ ಎಂದಳು. ಅಷ್ಟರಲ್ಲಿ ಕನಕಮ್ಮನೇ ಬಾಗಿಲಿಗೆ ಬಂದಳು. ಮುಖ ಬತ್ತಿಹೋಗಿತ್ತು.

"ಒಂದ್ ಮಾತ್ ಏಳಣ್ಣ, ಸಾಕು. ಆವಾಗ ಅವನತ್ರ ಯಾರಿದ್ರು? ಬಾಯಿಗ್ ನೀರ್ ಯಾರ್ ಬಿಟ್ರು?"

ನೀರು ಬಿಟ್ಟದ್ದು ಕೋದಂಡಪ್ಪನೇ. ಸಾಯುವವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಚೊಂಬಿನಿಂದ, ತೊಟ್ಟು ತೊಟ್ಟಾಗಿ ಬಿಟ್ಟಿದ್ದ. ಮಾತು ನಾಲಿಗೆಗೆ ಬಂತು. ಹೇಳಿದರೆ ಅವಳ ಕಣ್ಣಿನಲ್ಲಿ ಮತ್ತೆ ಒಳ್ಳೆಯವನಾಗಿಬಿಡುತ್ತೇನೆ ಎಂದು ಹೆದರಿದ. ಒಂದು ಸಲವಾದರೂ ತನಗೆಂದು ಏನನ್ನೂ ತೆಗೆದುಕೊಳ್ಳಬಾರದು ಎಂದು ಹಟ ಹಿಡಿದ.

"ಯಾರೋ ಬಿಟ್ರು ಕಣಮ್ಮ. ನಾನ್ ಸರ್ಯಾಗ್ ನೋಡ್ಲಿಲ್ಲ."

ಅವಳಿಗೆ ಬೇಕಿದ್ದದ್ದು ಅಷ್ಟೇ: ಗೊತ್ತಿರುವ ಒಂದು ಕೈ ಗಂಡನ ಹತ್ತಿರ ಇತ್ತು ಎಂಬುದು. ಕೊಡಬಹುದಾಗಿದ್ದ ಅದೊಂದನ್ನು ಕೋದಂಡಪ್ಪ ತನ್ನ ಮಡಿಗಾಗಿ ಬಚ್ಚಿಟ್ಟುಕೊಂಡ. ಕನಕಮ್ಮ ಸರಿ ಎಂಬಂತೆ ತಲೆಯಾಡಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.